ಕಂಡರೂ ಪ್ರಮಾಣಿಸಿ ನೋಡು

2025ರ ಮೇ ತಿಂಗಳ ಎರಡನೆಯ ವಾರ. ಭಾರತ ಮತ್ತು ಪಾಕಿಸ್ತಾನಗಳ ನಡುವೆ ಕ್ಷಿಪಣಿಗಳು ಹಾರಾಡುತ್ತಿದ್ದ ದಿನಗಳಲ್ಲಿ ನ್ಯೂಜೆರ್ಸಿಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. ಕತ್ತಲ ಬೀದಿ, ಏಕಾಏಕಿ ಎದ್ದ ಬೆಂಕಿಯ ಗೋಳ, ದಿಕ್ಕೆಟ್ಟ ಕಾರುಗಳು. ‘ಕರಾಚಿ ಬಂದರು ಉರಿಯುತ್ತಿದೆ’ ಎಂಬ ಒಕ್ಕಣೆ. ಸಾಮಾನ್ಯವಾಗಿ ರಾಜ್ಯೋತ್ಸವದ ಸಭಾಂಗಣ, ಊರಿನಿಂದ ಬರುವವರ ಬಳಿ ತರಿಸಬೇಕಾದ ಹಪ್ಪಳ ಸಂಡಿಗೆಗಳ ಚರ್ಚೆಗೆ ಮೀಸಲಾದ ಗುಂಪಿನಲ್ಲಿ ಅಂದು ಚಪ್ಪಾಳೆಯ ಸುರಿಮಳೆಯಾಯಿತು. ಅದು ಕರಾಚಿಯಾಗಿರಲಿಲ್ಲ. ಅದೇ ವರ್ಷದ ಜನವರಿ 31ರಂದು ಫಿಲಡೆಲ್ಫಿಯಾದ ಬೀದಿಯೊಂದರ ಮೇಲೆ ರೋಗಿಯನ್ನು ಒಯ್ಯುತ್ತಿದ್ದ ಸಣ್ಣ ವಿಮಾನ ಬಿದ್ದು ಸ್ಫೋಟಿಸಿದ ದೃಶ್ಯ ಅದು. ಗುಂಪಿನಲ್ಲಿರುವ ಅರ್ಧದಷ್ಟು ಮಂದಿ ಆ ಬೀದಿಗೆ ಒಂದು ಗಂಟೆಯ ಹಾದಿಯಲ್ಲಿ ವಾಸಿಸುವವರು. ಇದೇ ದೃಶ್ಯವನ್ನು ಸ್ಥಳೀಯ ಸುದ್ದಿಯಲ್ಲಿ ನೋಡಿ, ಇದೇ ಗುಂಪಿನಲ್ಲಿ, ‘ಆ ಕಡೆ ಇರುವ ನಮ್ಮವರೆಲ್ಲ ಕ್ಷೇಮವೇ?’ ಎಂದು ವಿಚಾರಿಸಿಕೊಂಡವರು.

ನಾನು ಇದನ್ನು ನೆನಪಿಸಿದಾಗ ಗುಂಪಿನ ಹಿರಿಯರೊಬ್ಬರು, ‘ಇರಬಹುದಪ್ಪ, ಆದರೆ ಇಂಥ ಹೊತ್ತಿನಲ್ಲಿ ಇದನ್ನೆಲ್ಲ ಕೆದಕಬೇಕೆ?’ ಎಂದರು. ದಡ್ಡರ ಮಾತಲ್ಲ ಅದು. ಇಡೀ ಜೀವಮಾನ ಇಂಜಿನಿಯರಾಗಿ ದುಡಿದವರ ಮಾತು. ಅವರ ಅಳತೆಗೋಲು ಎಲ್ಲಿಯೂ ಕಳೆದುಹೋಗಿರಲಿಲ್ಲ. ಅದನ್ನು ಆ ದಿನ ಕೈಗೆತ್ತಿಕೊಳ್ಳುವ ಮನಸ್ಸು ಅವರಿಗಿರಲಿಲ್ಲ, ಅಷ್ಟೆ.

ಯುದ್ಧಕಾಲದ ದೃಶ್ಯಗಳನ್ನು ಯಾರಿಗೂ ಲಭ್ಯವಿರುವ ಸಾಧನಗಳಿಂದಲೇ ಪರೀಕ್ಷಿಸುವ ವಿದ್ಯೆಯೊಂದು ಕಳೆದ ಹದಿನೈದು ವರ್ಷಗಳಲ್ಲಿ ಬೆಳೆದಿದೆ. ಇದನ್ನು ಮುಕ್ತ ಆಕರಗಳ ತನಿಖೆ ಎನ್ನಬಹುದು. ಇದರಲ್ಲಿ ಗುಪ್ತಚರರಿಲ್ಲ, ಕದ್ದ ಕಡತಗಳಿಲ್ಲ. ಒಂದು ವಿಡಿಯೊ, ಉಪಗ್ರಹದ ಚಿತ್ರ, ನೆರಳಿನ ಲೆಕ್ಕ ಮತ್ತು ಅಪಾರವಾದ ತಾಳ್ಮೆ, ಇಷ್ಟೇ ಬಂಡವಾಳ. ನನ್ನ ಮಟ್ಟಿಗೆ ಇದರ ಅತ್ಯುತ್ತಮ ಉದಾಹರಣೆ ದೊರೆತದ್ದು ನಮ್ಮ ಗುಂಪುಗಳಲ್ಲಿ ಯಾರೂ ಹೆಸರೆತ್ತದ ಕ್ಯಾಮರೂನಿನಿಂದ.

2018ರ ಜುಲೈಯಲ್ಲಿ ಒಂದು ವಿಡಿಯೊ ಹರಿದಾಡಿತು. ಸೈನಿಕರು ಇಬ್ಬರು ಹೆಂಗಸರನ್ನು ಮತ್ತು ಇಬ್ಬರು ಮಕ್ಕಳನ್ನು ನಡೆಸಿಕೊಂಡು ಹೋಗುತ್ತಾರೆ, ಅವರ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಗುಂಡಿಕ್ಕುತ್ತಾರೆ. ಮಕ್ಕಳಲ್ಲಿ ಒಂದು ತಾಯಿಯ ಬೆನ್ನಿಗೆ ಕಟ್ಟಿಕೊಂಡಿದ್ದ ಕೂಸು. ಇದು ಸುಳ್ಳು ಸುದ್ದಿ, ನಮ್ಮ ದೇಶದ್ದೇ ಅಲ್ಲ ಎಂದು ಕ್ಯಾಮರೂನ್ ಸರ್ಕಾರ ತಳ್ಳಿಹಾಕಿತು. ಬಿಬಿಸಿಯ ಆಫ್ರಿಕಾ ಐ ತಂಡವು ಸ್ವತಂತ್ರ ಸಂಶೋಧಕರ ಜೊತೆಗೂಡಿ ಆ ವಿಡಿಯೊದಲ್ಲಿ ಕಂಡ ಬೆಟ್ಟಸಾಲಿನ ಅಂಚನ್ನು ಹಿಡಿದುಕೊಂಡಿತು. ಮನುಷ್ಯರ ಸಮವಸ್ತ್ರ ಬದಲಾದೀತು, ಬೆಟ್ಟ ಬದಲಾಗದು. ಸ್ಥಳೀಯರ ಸುಳಿವಿನ ಮೇಲೆ ಹುಡುಕಿದಾಗ ದೇಶದ ಉತ್ತರ ತುದಿಯ ಜೆಲೆವೆಟ್ ಎಂಬ ಊರಿನ ಬಳಿಯ ಬೆಟ್ಟಗಳಿಗೆ ಆ ಅಂಚು ಕೂಡಿಬಂತು. ಸ್ಥಳ ಸಿಕ್ಕಿತು, ಇನ್ನು ಕಾಲ. ವಿಡಿಯೊದಲ್ಲಿದ್ದ ಕಟ್ಟಡಗಳು ಎದ್ದದ್ದು ಯಾವಾಗ, ಬಿದ್ದದ್ದು ಯಾವಾಗ ಎಂದು ಹಳೆಯ ಉಪಗ್ರಹ ಚಿತ್ರಗಳಲ್ಲಿ ಹುಡುಕಿದರು. 2014ರ ಕೊನೆಯಿಂದ 2016ರ ಆರಂಭದ ನಡುವೆ ಎಂದಾಯಿತು. ಅಲ್ಲಿನ ಕಾಲುದಾರಿಯೊಂದು ಕಡುಬೇಸಗೆಯಲ್ಲಿ ಮಾತ್ರ ಕಾಣಿಸುತ್ತಿತ್ತು. ಅವಧಿ ಮತ್ತಷ್ಟು ಕಿರಿದಾಯಿತು. ಕೊನೆಗೆ, ನಡೆದುಹೋಗುವ ಸೈನಿಕನ ನೆರಳು. ಅದರ ದಿಕ್ಕು ಮತ್ತು ಉದ್ದದಿಂದ ಸೂರ್ಯನಿದ್ದ ಜಾಗ ತಿಳಿಯಿತು. ಕೊಲೆ ನಡೆದದ್ದು 2015ರ ಮಾರ್ಚ್ 20ರಿಂದ ಏಪ್ರಿಲ್ 5ರ ನಡುವೆ ಎಂದು ಗೊತ್ತಾಯಿತು. ಕೊಂದವನೇ ತನ್ನ ನೆರಳಿನಲ್ಲಿ ತಾರೀಖನ್ನು ಬರೆದಿಟ್ಟು ಹೋಗಿದ್ದ.

ಮಾತು ಬದಲಿಸಿದ ಸರ್ಕಾರ ಏಳು ಮಂದಿಯನ್ನು ಬಂಧಿಸಿತು. 2020ರಲ್ಲಿ ಸೇನಾ ನ್ಯಾಯಾಲಯ ನಾಲ್ವರಿಗೆ 10 ವರ್ಷಗಳ ಸೆರೆವಾಸ ವಿಧಿಸಿತು. ನಾಲ್ಕು ಜೀವಗಳಿಗೆ ಅದು ಸಾಲುವ ಶಿಕ್ಷೆಯೇ ಎಂಬ ಪ್ರಶ್ನೆ ಇದ್ದೇ ಇದೆ. ಆದರೆ ‘ಇದು ನಡೆದೇ ಇಲ್ಲ’ ಎನ್ನುವ ದಾರಿ ಮುಚ್ಚಿತು.

ಈ ವಿಧಾನದಲ್ಲಿ ನನಗೆ ಮುಖ್ಯವೆನಿಸುವುದು ತಂತ್ರಜ್ಞಾನವಲ್ಲ. ‘ನಮ್ಮನ್ನು ನಂಬಿ’ ಎಂದು ಅದು ಹೇಳುವುದಿಲ್ಲ ಎಂಬುದು. ಬೆಟ್ಟ ಇಲ್ಲಿದೆ, ಚಿತ್ರ ಇಲ್ಲಿದೆ, ಬೇಕಾದರೆ ನೀವೇ ಹೊಂದಿಸಿ ನೋಡಿ ಎನ್ನುತ್ತದೆ. ಸೇನೆಯ ವಕ್ತಾರರಾಗಲಿ, ಟಿವಿ ನಿರೂಪಕರಾಗಲಿ, ನಮ್ಮ ಪ್ರಗತಿಪರ ಸಂಘಟನೆಗಳ ಹೇಳಿಕೆಗಳಾಗಲಿ ಹೀಗೆ ಲೆಕ್ಕಪುಸ್ತಕವನ್ನು ಬಿಚ್ಚಿಡುವುದು ಅಪರೂಪ.

ಕೊನೆಯ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. 2023ರ ಅಕ್ಟೋಬರ್ 17ರ ರಾತ್ರಿ ಗಾಜಾದ ಅಲ್ ಅಹ್ಲಿ ಆಸ್ಪತ್ರೆಯಲ್ಲಿ ಸ್ಫೋಟವಾದಾಗ, ಇಸ್ರೇಲಿನ ಬಾಂಬಿಗೆ 500 ಮಂದಿ ಬಲಿ ಎಂಬ ಸುದ್ದಿಯನ್ನು ಕೆಲವೇ ನಿಮಿಷಗಳಲ್ಲಿ ಹಂಚಿದವರಲ್ಲಿ ನಾನೂ ಒಬ್ಬ. ಮರುದಿನದ ಬೆಳಕಿನಲ್ಲಿ ಕಂಡದ್ದು ಸುಟ್ಟ ಕಾರುಗಳು, ಒಂದು ಸಣ್ಣ ಕುಳಿ, ಬಹುಪಾಲು ನಿಂತೇ ಇದ್ದ ಕಟ್ಟಡಗಳು. ಹ್ಯೂಮನ್ ರೈಟ್ಸ್ ವಾಚ್ ನವೆಂಬರಿನಲ್ಲಿ, ಪ್ಯಾಲೆಸ್ಟೀನಿ ಸಶಸ್ತ್ರ ಗುಂಪುಗಳು ಬಳಸುವಂಥ ರಾಕೆಟ್ಟಿನತ್ತ ಸಾಕ್ಷ್ಯ ಬೊಟ್ಟುಮಾಡುತ್ತದೆ, ಆದರೆ ಪೂರ್ಣ ತನಿಖೆ ಆಗಬೇಕು ಎಂದಿತು. ಫೊರೆನ್ಸಿಕ್ ಆರ್ಕಿಟೆಕ್ಚರ್ ಸಂಸ್ಥೆ ಇಸ್ರೇಲಿನ ವಿವರಣೆಯನ್ನು ಪ್ರಶ್ನಿಸಿತು. ಇನ್ನೊಂದೆಡೆ, ತಪ್ಪಿಬಿದ್ದ ರಾಕೆಟ್ ಇದೇ ಎಂದು ಇಸ್ರೇಲ್ ಕೂಡ ಎತ್ತಿ ತೋರಿದ್ದ ಪ್ರಸಿದ್ಧ ವಿಡಿಯೊದಲ್ಲಿರುವುದು ಆಸ್ಪತ್ರೆಯಿಂದ ಬಹುದೂರದಲ್ಲಿ ಸಿಡಿದ ಬೇರೆಯೇ ವಸ್ತು ಎಂದು ನ್ಯೂಯಾರ್ಕ್ ಟೈಮ್ಸ್ ತೋರಿಸಿತು. ಎರಡೂ ಪಾಳೆಯಗಳಿಗೆ ಬೇಕಾದ ತೀರ್ಪು ಅಲ್ಲಿ ಇರಲಿಲ್ಲ. ನಾನು ನನ್ನ ಬರಹವನ್ನು ಅಳಿಸಿದೆ. ಏಕೆ ಅಳಿಸಿದೆನೆಂದು ಬರೆಯಲಿಲ್ಲ. ಆ ಮೌನ ಕರಾಚಿಯ ವಿಡಿಯೊ ಹಂಚಿದವರ ಮೌನಕ್ಕಿಂತ ಹೇಗೆ ಭಿನ್ನ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ.

ಇದನ್ನು ಒಪ್ಪಿಕೊಂಡರೆ ಗಾಜಾದ ಪರ ನಿಂತವರ ದನಿ ಕುಗ್ಗುತ್ತದೆ ಎಂಬ ಅಂಜಿಕೆ ನಮ್ಮಲ್ಲಿದೆ. ಆಗುವುದು ತದ್ವಿರುದ್ಧ. 2025ರ ಮಾರ್ಚ್ 23ರಂದು ರಫಾದಲ್ಲಿ ಇಸ್ರೇಲಿ ಪಡೆಗಳ ಗುಂಡಿಗೆ 15 ಮಂದಿ ತುರ್ತುಸೇವೆಯ ಮತ್ತು ಪರಿಹಾರ ಕಾರ್ಯದ ಸಿಬ್ಬಂದಿ ಸತ್ತರು. ಒಂದು ವಾರದ ನಂತರ ಮರಳಿನಡಿಯಿಂದ ಶವಗಳನ್ನು ತೆಗೆಯಲಾಯಿತು. ವಾಹನಗಳು ದೀಪವಿಲ್ಲದೆ ಅನುಮಾನಾಸ್ಪದವಾಗಿ ಬಂದವು ಎಂದು ಸೇನೆ ಹೇಳಿತ್ತು. ಸತ್ತವರಲ್ಲೊಬ್ಬನ ಫೋನಿನಲ್ಲಿ ಸಿಕ್ಕ ವಿಡಿಯೊದಲ್ಲಿ ದೀಪಗಳು ಉರಿಯುತ್ತಿದ್ದವು, ತುರ್ತುದೀಪಗಳು ಮಿನುಗುತ್ತಿದ್ದವು. ಮೊದಲ ಹೇಳಿಕೆ ತಪ್ಪಾಗಿತ್ತೆಂದು ಸೇನೆಯೇ ಒಪ್ಪಬೇಕಾಯಿತು. ಅಲ್ ಅಹ್ಲಿಯ ವಿಷಯದಲ್ಲಿ ‘ಇನ್ನೂ ತಿಳಿದಿಲ್ಲ’ ಎನ್ನಬಲ್ಲವನು ರಫಾದ ವಿಷಯದಲ್ಲಿ ‘ಇದು ತಿಳಿದಿದೆ’ ಎಂದಾಗ ಎದುರಿನವನು ಒಂದು ಕ್ಷಣವಾದರೂ ಕೇಳಿಸಿಕೊಂಡಾನು.

ಮತ್ತೆ ಆ ಮೇ ತಿಂಗಳಿಗೆ ಬರುತ್ತೇನೆ. ಬಠಿಂಡಾದ ಬಳಿ ಬಿದ್ದಿದ್ದ ವಿಮಾನದ ಅವಶೇಷಗಳ ಚಿತ್ರಗಳನ್ನು ನಮ್ಮ ಗುಂಪಿನಲ್ಲಿ ಎಲ್ಲರೂ ಪಾಕಿಸ್ತಾನದ ಕಟ್ಟುಕತೆ ಎಂದರು. ಅವಶೇಷಗಳು ಫ್ರೆಂಚ್ ನಿರ್ಮಿತ ಯುದ್ಧವಿಮಾನಗಳಿಗೆ ಹೊಂದುತ್ತವೆ ಎಂದು ವಾಷಿಂಗ್ಟನ್ ಪೋಸ್ಟ್ ಪರಿಶೀಲಿಸಿ ಬರೆದಾಗ ಅದನ್ನೂ ದೇಶದ್ರೋಹದ ಲೆಕ್ಕಕ್ಕೆ ಹಾಕಿದ್ದಾಯಿತು. ಮೇ 31ರಂದು ಸಿಂಗಪುರದಲ್ಲಿ ಭಾರತದ ರಕ್ಷಣಾ ಪಡೆಗಳ ಮುಖ್ಯಸ್ಥರೇ ವಿಮಾನಗಳನ್ನು ಕಳೆದುಕೊಂಡದ್ದನ್ನು ಒಪ್ಪಿಕೊಂಡರು. ಆರು ವಿಮಾನಗಳನ್ನು ಉರುಳಿಸಿದೆವೆಂಬ ಪಾಕಿಸ್ತಾನದ ಮಾತನ್ನು ನಿರಾಕರಿಸಿದರು; ಎಷ್ಟೆಂದು ಹೇಳಲಿಲ್ಲ. ಅಂದು ಗುಂಪಿನಲ್ಲಿ ಸಂಡಿಗೆಯ ಮಾತು ನಡೆಯುತ್ತಿತ್ತು. ನೆಲದ ಮೇಲೆ ಬಿದ್ದಿದ್ದ ತಗಡಿನ ತುಂಡು ನಮಗೆ ಮೂರು ವಾರ ಮೊದಲೇ ಹೇಳಿದ್ದನ್ನು ಸೇನಾಧಿಕಾರಿಯ ಬಾಯಿಂದ ಕೇಳುವತನಕ ನಾವು ಕಾದೆವು, ಕೇಳಿದ ಮೇಲೆ ಮರೆತೆವು. ಹೊರದೇಶದಲ್ಲಿರುವ ನಮಗೆ ಇದು ಹೆಚ್ಚು ಸಲ್ಲುವ ಮಾತು. ನಾವು ಹಂಚುವ ವಿಡಿಯೊದಿಂದ ಕೆರಳಿದ ಸಿಟ್ಟಿನ ಬೆಲೆ ತೆರುವವರು ಗಡಿಯ ಹಳ್ಳಿಗಳಲ್ಲಿ, ಶ್ರೀನಗರದಲ್ಲಿ, ನಮ್ಮೂರಿನ ಮುಸ್ಲಿಮರ ಓಣಿಗಳಲ್ಲಿ ಇದ್ದಾರೆ. ಇಲ್ಲಿ ನಮ್ಮ ಮನೆಯ ದೀಪ ಆರುವುದಿಲ್ಲ.

ಈ ವಿದ್ಯೆಯ ಮಿತಿಯನ್ನೂ ಹೇಳಬೇಕು. ಕ್ಯಾಮೆರಾ ಇಲ್ಲದ ಕಡೆ, ಇಂಟರ್‌ನೆಟ್ ಕಡಿದ ಕಡೆ ಅದಕ್ಕೆ ಕಣ್ಣಿಲ್ಲ. ಮಣಿಪುರದಲ್ಲಿ 2023ರ ಮೇ 4ರಂದು ಇಬ್ಬರು ಮಹಿಳೆಯರನ್ನು ಬೆತ್ತಲೆ ಮೆರವಣಿಗೆ ಮಾಡಿದ ವಿಡಿಯೊ ಹೊರಬಂದದ್ದು ಜುಲೈ 19ಕ್ಕೆ. ಅಲ್ಲಿಯವರೆಗೆ ಠಾಣೆಯಲ್ಲಿ ದೂರು ಇತ್ತು, ನೊಂದವರ ಮಾತು ಇತ್ತು, ದೇಶಕ್ಕೆ ಕೇಳಿಸಿರಲಿಲ್ಲ. ವಿಡಿಯೊ ಇಲ್ಲದ ನೋವು ನೋವೇ ಅಲ್ಲ ಎಂಬಂತೆ ನಾವು ವರ್ತಿಸತೊಡಗಿದರೆ ಈ ತನಿಖೆಗಳೇ ಇನ್ನೊಂದು ಬಗೆಯ ಅನ್ಯಾಯಕ್ಕೆ ದಾರಿಯಾಗುತ್ತವೆ. ಇರುವ ಸಾಕ್ಷ್ಯವೂ ಉಳಿಯುತ್ತದೆಂಬ ಭರವಸೆಯಿಲ್ಲ. 2017ರಲ್ಲಿ ಯೂಟ್ಯೂಬಿನ ಯಂತ್ರಗಳು ಸಿರಿಯಾ ಯುದ್ಧದ ಸಾವಿರಾರು ವಿಡಿಯೊಗಳನ್ನು ಉಗ್ರವಾದದ ಸರಕೆಂದು ತೆಗೆದುಹಾಕಿದವು.

ಕಳೆದ ತಿಂಗಳು ಆ ಹಿರಿಯರು ಗುಂಪಿಗೆ ಹಾಕದೆ ನನಗೊಬ್ಬನಿಗೇ ಒಂದು ವಿಡಿಯೊ ಕಳುಹಿಸಿದರು. ‘ಇದು ಎಲ್ಲಿಯದೋ ನೋಡಿ ಹೇಳಪ್ಪ’ ಎಂದಿತ್ತು. ಹತ್ತೊಂಬತ್ತು ಸೆಕೆಂಡು, ರಾತ್ರಿ, ಹೊಗೆ, ದೂರದಲ್ಲಿ ಒಂದು ನೀರಿನ ಟ್ಯಾಂಕಿನಂಥ ಆಕಾರ. ಭಾನುವಾರವಿಡೀ ಕೂತೆ. ಗುರುತು ಹತ್ತಲಿಲ್ಲ ಎಂದು ಬರೆದೆ. ‘ಸರಿ, ಹಾಗಾದರೆ ಇಟ್ಟುಕೊಂಡಿರುತ್ತೇನೆ’ ಎಂದರು.