ಸಾಗುವಳಿ ಚೀಟಿ ಇದ್ದವರ ಕಾಡುಪ್ರೀತಿ

ಕಬಿನಿ ಸಫಾರಿಗೆ ಹೋಗಿಬಂದ ನನ್ನ ಆಫೀಸಿನ ಗೆಳೆಯರು ಸೋಮವಾರ ಊಟದ ಟೇಬಲ್ಲಿಗೆ ಎರಡು ಐಟಂ ತರುತ್ತಾರೆ. ಒಂದು ಹುಲಿಯ ಫೋಟೊ. ಇನ್ನೊಂದು ಉಪದೇಶ: 'ಕಾಡೊಳಗೆ ಜನ ಯಾಕಿರಬೇಕು ಗುರು? ಎಲ್ಲರನ್ನೂ ಆಚೆ ಹಾಕಿದ್ರೆ ಮಾತ್ರ ಕಾಡು ಉಳಿಯೋದು.' ಫೋಟೊ ಚೆನ್ನಾಗೇ ಇರುತ್ತೆ. ಉಪದೇಶದ ಮೇಲೆ ನನಗೆ ತಕರಾರಿದೆ. ಎಚ್.ಡಿ. ಕೋಟೆಯ ಕಾಡು ಯಾರ ಕೈಯಲ್ಲಿ ಕರಗಿತು ಅನ್ನೋದು ಅಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತು. ನಮ್ಮಂಥವರ ಕೈಯಲ್ಲಿ. ಆಚೆ ಹಾಕಿಸಿಕೊಂಡವರು ಮಾತ್ರ ಬೇರೆಯವರು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸರ್ಕಾರ 'ಹೆಚ್ಚು ಆಹಾರ ಬೆಳೆಯಿರಿ' ಅಂತ ಕರೆ ಕೊಟ್ಟು ಕಾಡಂಚಿನ ಜಮೀನನ್ನು ಸಾಗುವಳಿಗೆ ಬಿಟ್ಟಿತು. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಅಣ್ಣತಮ್ಮಂದಿರ ಪಾಲು ಗುಂಟೆ ಲೆಕ್ಕಕ್ಕೆ ಇಳಿದಿದ್ದ ಕಾಲ. ನನ್ನ ತಾತ ಗಾಡಿ ಕಟ್ಟಿಕೊಂಡು ಕೋಟೆ ಕಡೆಗೆ ಬಂದರು. ಮರ ಕಡಿದರು, ಬೊಡ್ಡೆ ಕಿತ್ತರು, ಚಳಿಜ್ವರಕ್ಕೆ ಒಂದು ಮಗುವನ್ನು ಕಳಕೊಂಡರು, ರಾಗಿ ಬೆಳೆದರು. ಕೊನೆಗೆ ಸಾಗುವಳಿ ಚೀಟಿ ಸಿಕ್ಕಿತು. ಆಮೇಲೆ ಆ ಹೊಲಕ್ಕೆ ಹೊಗೆಸೊಪ್ಪು ಬಂತು. ನಾನು ಬಿಇ ಮಾಡಿದ್ದು ಆ ದುಡ್ಡಲ್ಲಿ. ತಾತನ ಕಷ್ಟ ಸುಳ್ಳಲ್ಲ. ಆ ಜಾಗ ಖಾಲಿ ಬಿದ್ದಿತ್ತು ಅಂತ ನಮ್ಮ ಮನೆಯಲ್ಲಿ ಹೇಳ್ತಾರಲ್ಲ, ಅದು ಸುಳ್ಳು. ಜೇನುಕುರುಬರು, ಬೆಟ್ಟಕುರುಬರು ಅಲ್ಲಿ ಜೇನು ಕೀಳುತ್ತಿದ್ದರು, ಗೆಡ್ಡೆ ಅಗೆಯುತ್ತಿದ್ದರು, ಸತ್ತವರನ್ನು ಹೂಳುತ್ತಿದ್ದರು. ಉಳುತ್ತಿರಲಿಲ್ಲ, ಅಷ್ಟೆ.

ಈ 'ಉಳುತ್ತಿರಲಿಲ್ಲ' ಅನ್ನೋದರಲ್ಲೇ ಎಲ್ಲಾ ಇದೆ. ಅಮೆರಿಕದಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆ ಹೇಳಿದ್ದೂ ಇದನ್ನೇ: ಪಶ್ಚಿಮಕ್ಕೆ ಹೋಗಿ, 160 ಎಕರೆ ಹಿಡಿಯಿರಿ, ಐದು ವರ್ಷ ಅಲ್ಲೇ ಇದ್ದು ಬೇಸಾಯ ಮಾಡಿದರೆ ನಿಮ್ಮದು. ಹೋದವರಲ್ಲಿ ಬಹಳಷ್ಟು ಜನ ನನ್ನ ತಾತನ ಥರದವರೇ, ಸ್ವಂತ ಊರಲ್ಲಿ ಪಾಲು ಸಾಲದವರು. ನೆಲ ಮಾತ್ರ ಮೂಲನಿವಾಸಿಗಳದ್ದು. 1830ರ ಸ್ಥಳಾಂತರ ಕಾಯ್ದೆಯ ಹೆಸರಲ್ಲಿ ಚೆರೊಕೀ ಜನರನ್ನು ಅಷ್ಟರಲ್ಲಾಗಲೇ ಮಿಸಿಸಿಪ್ಪಿಯ ಆಚೆಗೆ ನಡೆಸಿಕೊಂಡು ಹೋಗಿದ್ದರು, ಸಾವಿರಾರು ಜನ ಅದರಲ್ಲೇ ಸತ್ತರು. 1887ರಲ್ಲಿ ಡಾವ್ಸ್ ಕಾಯ್ದೆ ಬಂತು: ಬುಡಕಟ್ಟಿನ ಸಾಮೂಹಿಕ ನೆಲವನ್ನು ತುಂಡು ಮಾಡಿ ತಲೆಗಿಷ್ಟು ಅಂತ ಹಂಚಿ, ಮಿಕ್ಕಿದ್ದನ್ನು ವಲಸಿಗರಿಗೆ ಬಿಡೋದು. 1934ರ ಹೊತ್ತಿಗೆ ಅವರ ನೆಲ 13.8 ಕೋಟಿ ಎಕರೆಯಿಂದ 4.8 ಕೋಟಿಗೆ ಇಳಿದಿತ್ತು. ಇದರ ನಡುವೆಯೇ, 1872ರಲ್ಲಿ, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ. ಅಲ್ಲಿ ಬೇಟೆಯಾಡಿಕೊಂಡಿದ್ದವರನ್ನೂ ಹೊರಗಿಟ್ಟರು, ಟೂರಿಸ್ಟುಗಳಿಗೆ ತೊಂದರೆ ಆಗಬಾರದಲ್ಲ.

ನಮ್ಮಲ್ಲಿ ಇಷ್ಟು ರಕ್ತ ಹರಿಯಲಿಲ್ಲ, ಒಪ್ಪಿದೆ. ಕಂದಾಯ ಇಲಾಖೆಯ ಕಾಗದದಲ್ಲೇ ಕೆಲಸ ಮುಗಿಯಿತು. ಹುಣಸೂರಿನವರೇ ಆದ ದೇವರಾಜ ಅರಸರು 1974ರಲ್ಲಿ 'ಉಳುವವನೇ ಹೊಲದೊಡೆಯ' ಅಂದರು. ನಮ್ಮ ಕಡೆ ಅವರ ಫೋಟೊ ದೇವರ ಪಕ್ಕ ಇರುತ್ತೆ, ಇರಬೇಕು ಕೂಡ. ಗೇಣಿದಾರ ಬದುಕಿದ್ದು ಅದರಿಂದ. ಆದರೆ ಜೇನುಕುರುಬ ಯಾರ ಗೇಣಿದಾರನೂ ಅಲ್ಲ. ಅವನಿಗೆ ಆ ಕಾಯ್ದೆಯಲ್ಲಿ ಅರ್ಜಿ ಹಾಕೋಕೂ ಜಾಗ ಇರಲಿಲ್ಲ.

ಅದೇ 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು, ನಾವು ಬೀಚನಹಳ್ಳಿ ಡ್ಯಾಂ ಅನ್ನೋದು. ಹಳ್ಳಿಗಳು ಮುಳುಗಿದವು, ಮಹಾರಾಜರ ಕಾಲದಿಂದ ಆನೆ ಹಿಡಿಯುತ್ತಿದ್ದ ಕಾಕನಕೋಟೆಯ ಖೆಡ್ಡಾ ಜಾಗವೂ ಮುಳುಗಿತು. ಮುಳುಗಿದ ಊರಿನ ರೈತರಿಗೆ ಜಮೀನು ಕೊಡಬೇಕು, ಮತ್ತೆ ಕಾಡು ಕಡಿದರು. ನಿಮ್ಮ ಫೋಟೊದಲ್ಲಿ ಆನೆ ಹಿಂಡಿನ ಹಿಂದೆ ಕಾಣುತ್ತಲ್ಲ ಹಿನ್ನೀರು, ಅದರಡಿ ಇರೋದು ಊರು ಮತ್ತು ಕಾಡು. ಅದಕ್ಕೂ ಮುಂಚೆ, 1960ರ ದಶಕದ ಶುರುವಿನಲ್ಲಿ, ಪಿರಿಯಾಪಟ್ಟಣದ ಬೈಲುಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕೊಟ್ಟಿದ್ದರು. ದೇಶ ಕಳಕೊಂಡು ಬಂದವರು, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ನಾನು ಕೇಳೋದಿಷ್ಟು: ರೈತನಿಗೆ, ಡ್ಯಾಂ ಸಂತ್ರಸ್ತನಿಗೆ, ಹೊರದೇಶದ ನಿರಾಶ್ರಿತನಿಗೆ ಕೊಡೋಕೆ ಸಿಕ್ಕ ಕಾಡು, ಅಲ್ಲೇ ಇದ್ದವನ ಹೆಸರಿಗೆ ಬರೆಯೋಕೆ ಯಾಕೆ ಸಿಗಲಿಲ್ಲ?

ಅವನಿಗೆ ಸಿಕ್ಕಿದ್ದು 1972ರ ವನ್ಯಜೀವಿ ಕಾಯ್ದೆ. 1955ರಿಂದ ಅಭಯಾರಣ್ಯವಾಗಿದ್ದ ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹಾಡಿಗಳು ಒಂದೊಂದಾಗಿ ಖಾಲಿಯಾದವು. ಕೆಲವರು ಕೊಡಗಿನ ಕಾಫಿ ತೋಟಗಳ ಲೈನ್‌ಮನೆ ಸೇರಿದರು, ಕೆಲವರು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಕ್ಕೆ. ತಮಾಷೆ ಅಂದರೆ ಅದೇ ಉದ್ಯಾನದೊಳಗೆ ಮುರ್ಕಲ್‌ನಲ್ಲಿ ದೊಡ್ಡ ಹೋಟೆಲ್ ಕಂಪನಿಯೊಂದಕ್ಕೆ ಲೀಸ್ ಕೊಟ್ಟಿದ್ದರು. ಅದನ್ನು ನಿಲ್ಲಿಸೋಕೆ ಹಾಡಿಯವರೇ ಹೋರಾಡಬೇಕಾಯಿತು, 1997ರಲ್ಲಿ ಹೈಕೋರ್ಟ್ ಅದು ಕಾನೂನುಬಾಹಿರ ಅಂದಿತು. ಇನ್ನೊಂದು: ದಸರೆ ಆನೆಗಳ ಗಜಪಯಣ ಹುಣಸೂರಿನ ವೀರನಹೊಸಹಳ್ಳಿಯಿಂದ ಹೊರಡುವಾಗ ಮಂತ್ರಿಗಳು ಹೂ ಹಾಕ್ತಾರಲ್ಲ, ಆ ಆನೆಗಳ ಮಾವುತರು, ಕಾವಾಡಿಗಳು ಹೆಚ್ಚಿನವರು ಇದೇ ಕುರುಬರು. ಆನೆ ಸಾಕೋಕೆ ಅವರು ಬೇಕು, ಕಾಡಲ್ಲಿರೋಕೆ ಮಾತ್ರ ಬೇಡ.

ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೇಯಿಸೋ ಬ್ಯಾರನ್‌ಗಳು ಪ್ರತಿ ವರ್ಷ ಲೋಡುಗಟ್ಟಲೆ ಸೌದೆ ನುಂಗುತ್ತವೆ. ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೆ ಹೋಗಿ 'ನೀವೆಲ್ಲ ಜಾಗ ಖಾಲಿ ಮಾಡಿ' ಅಂತ ಹೇಳಿ ನೋಡಿ. ಆಗಲ್ಲ. ನಮಗೆ ಪಹಣಿ ಇದೆ, ವೋಟಿದೆ, ಎಂಎಲ್‌ಎ ಫೋನ್ ಎತ್ತುತ್ತಾರೆ.

'ಅವರಿಗೂ ಸ್ಕೂಲು, ಆಸ್ಪತ್ರೆ ಬೇಡ್ವಾ?' ಬೇಕು. ಹೊರಗೆ ಬರುತ್ತೀವಿ ಅನ್ನೋ ಹುಡುಗರೂ ಹಾಡಿಗಳಲ್ಲಿದ್ದಾರೆ, ಅದು ಅವರಿಷ್ಟ. 2006ರ ಅರಣ್ಯ ಹಕ್ಕು ಕಾಯ್ದೆ ಹೇಳೋದೂ ಅದನ್ನೇ. ಮೊದಲು ಹಕ್ಕು ಗುರುತಿಸಿ, ಆಮೇಲೆ ಗ್ರಾಮಸಭೆಯ ಒಪ್ಪಿಗೆ ಕೇಳಿ, ಸ್ಥಳಾಂತರದ ಮಾತು ಅದಾದ ಮೇಲೆ. ನಾಗರಹೊಳೆಯಲ್ಲಿ ಬಹಳ ಜನ ಕಾಯ್ದೆ ಬರೋಕೆ ಮುಂಚೆಯೇ ಹೊರಗಿದ್ದರು. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ ಇಂಥ 3,418 ಕುಟುಂಬಗಳನ್ನು ಲೆಕ್ಕ ಹಾಕಿತ್ತು. ಈಗ ಹಕ್ಕು ಕೇಳಿದರೆ ಪುರಾವೆ ತನ್ನಿ ಅಂತಾರೆ. ಪುರಾವೆ ಇದೆ: ಹಳೇ ಹಾಡಿಯ ಗೋರಿಗಳು, ದೇವರ ಕಲ್ಲುಗಳು. ಕಾಯ್ದೆಯ ನಿಯಮಗಳು ಇವನ್ನು ಪುರಾವೆ ಅಂತ ಒಪ್ಪುತ್ತವೆ. ಅವೆಲ್ಲ ಇರೋದು ಉದ್ಯಾನದೊಳಗೆ. ತೋರಿಸೋಕೆ ಹಾಡಿಯವರು ಗೇಟಿನಲ್ಲಿ ನಿಂತು ಪರ್ಮಿಶನ್ ಕೇಳಬೇಕು, ಸಫಾರಿ ಜೀಪು ಹೋಗೋವರೆಗೂ ಪಕ್ಕಕ್ಕೆ ಸರಿದು.