ಮುಂಗಡ ಹಣ ಮನೆಯ ಹಣವಲ್ಲ

ಐನೂರು ಎಲೆಯ ಮದುವೆಗೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಎಣ್ಣೆ ಬೇಕೆಂದು ನಮ್ಮ ಕೇಟರಿಂಗ್ ಬಂಧುಗಳು ಬಾಯಲ್ಲೇ ಲೆಕ್ಕ ಹೇಳಬಲ್ಲರು. ಆದರೆ ಸ್ವಂತ ಮನೆಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದರೆ ಅನೇಕರು ಉತ್ತರಕ್ಕೆ ತಡಕಾಡುತ್ತಾರೆ.

ಇದಕ್ಕೆ ದುಂದುಗಾರಿಕೆಯೊಂದೇ ಕಾರಣವೆಂದು ನಾವು ಒಪ್ಪುವುದಿಲ್ಲ. ನಮ್ಮ ಉದ್ಯಮದ ರೀತಿಯೇ ಹಾಗಿದೆ. ವೈಶಾಖದಲ್ಲಿ ಕೈತುಂಬ ಕೆಲಸ. ಆಷಾಢ ಬಂತೆಂದರೆ ಪಾತ್ರೆಗಳು ಗೋದಾಮು ಸೇರುತ್ತವೆ. ಪಿತೃಪಕ್ಷ, ಧನುರ್ಮಾಸಗಳಲ್ಲೂ ಮದುವೆಗಳಿಲ್ಲ. ಮನೆ ಬಾಡಿಗೆ, ಮಕ್ಕಳ ಫೀಸು, ಕರೆಂಟ್ ಬಿಲ್ಲು, ಸೊಸೈಟಿ ಮೇಂಟೆನೆನ್ಸ್ ಮಾತ್ರ ಆಷಾಢವೆಂದು ನಿಲ್ಲುವುದಿಲ್ಲ. ಆಗ ಕೈಗೆ ಸಿಗುವುದು ಮುಂದಿನ ಮದುವೆಯ ಮುಂಗಡ.

ಮುಂಗಡವೆಂದರೆ ಸಂಪಾದನೆಯಲ್ಲ, ಊಟ ಬಡಿಸುವವರೆಗೆ ಅದು ಗಿರಾಕಿಯ ಋಣ. ಅದನ್ನು ಮನೆಗೆ ಖರ್ಚು ಮಾಡಿದರೆ ಮದುವೆ ಹತ್ತಿರ ಬಂದಾಗ ಕಿರಾಣಿ ಅಂಗಡಿಯಲ್ಲಿ ಉದ್ರಿ, ಅಡುಗೆಯವರ ಸಂಬಳಕ್ಕೆ ಕೈಸಾಲ, ಉಳಿದದ್ದಕ್ಕೆ ಕ್ರೆಡಿಟ್ ಕಾರ್ಡ್. ಕೊನೆಗೆ ಹೆಂಡತಿಯ ಬಳೆ, ಊರಿನ ಜಾಗದ ಪತ್ರಗಳೂ ಮನೆಯಿಂದ ಹೊರಬೀಳುತ್ತವೆ.

ಕಾರ್ಡಿನ ಲೆಕ್ಕವನ್ನೇ ನೋಡೋಣ. ತಿಂಗಳಿಗೆ ಶೇ. 3.5 ಬಡ್ಡಿಯೆಂದರೆ 1 ಲಕ್ಷ ಬಾಕಿಗೆ ರೂ. 3,500. ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ ರೂ. 630. ಕನಿಷ್ಠ ಮೊತ್ತವೆಂದು ರೂ. 5,000 ಕಟ್ಟಿ ನಿಶ್ಚಿಂತರಾದರೆ ಅಸಲಿನಲ್ಲಿ ಇಳಿಯುವುದು ಬರೀ ರೂ. 870! ಇದೇ ಬಾಕಿಯನ್ನು ವರ್ಷಕ್ಕೆ ಶೇ. 12ರ ಚಿನ್ನದ ಸಾಲ ಪಡೆದು ತೀರಿಸಿದರೆ ಮೊದಲ ತಿಂಗಳ ಬಡ್ಡಿ ರೂ. 1,000; ಅದೇ ರೂ. 5,000ದಲ್ಲಿ ಅಸಲಿಗೆ ರೂ. 4,000 ಹೋಗುತ್ತದೆ. ಆದರೆ ಆಮೇಲೆ ಕಾರ್ಡನ್ನು ಮತ್ತೆ ಉಜ್ಜಬಾರದು. ಉಜ್ಜಿದರೆ ಎರಡು ಸಾಲವಾಗಿ, ಬಂಗಾರವೂ ಹೋದೀತು.

ನಮ್ಮ ಅಭಿಪ್ರಾಯದಲ್ಲಿ ಮೊದಲು ಆಗಬೇಕಾದದ್ದು ಮುಂಗಡಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ. ಆ ಹಣ ಆ ಮದುವೆಯ ಸಾಮಾನು, ಸಂಬಳಕ್ಕೆ ಮಾತ್ರ. ಎರಡನೆಯದು, ಕಳೆದ ವರ್ಷದ ನಿವ್ವಳ ಲಾಭವನ್ನು ಹನ್ನೆರಡರಿಂದ ಭಾಗಿಸಿ, ಅದಕ್ಕಿಂತ ಕಡಿಮೆ ಮೊತ್ತವನ್ನು ಮಾಲೀಕರೇ ಸಂಬಳವೆಂದು ತೆಗೆದುಕೊಳ್ಳುವುದು. ಸೀಸನ್ನಿನಲ್ಲೂ ಅಷ್ಟೇ, ಆಷಾಢದಲ್ಲೂ ಅಷ್ಟೇ. ಉಗ್ರಾಣದಿಂದ ಮನೆಗೆ ಹೋದ ಎಣ್ಣೆ ಡಬ್ಬದ ಬೆಲೆಯನ್ನೂ ಈ ಸಂಬಳದಿಂದಲೇ ಕಳೆಯಬೇಕು.

ಆ ಸಂಬಳದೊಳಗೆ ಮನೆ ನಡೆಯಬೇಕಾದರೆ ಬಿಲ್ಲುಗಳೂ ಇಳಿಯಬೇಕು. 75 ವ್ಯಾಟಿನ ಹಳೆಯ ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 20 ಯುನಿಟ್ ಉಳಿತಾಯ. ಮೂರು ಫ್ಯಾನಿದ್ದರೆ 60 ಯುನಿಟ್. ಉಳಿದ ಹಣ ನೇರವಾಗಿ ಹೆಚ್ಚು ಬಡ್ಡಿಯ ಸಾಲಕ್ಕೆ ಹೋಗಲಿ.

"ಕೈಯಲ್ಲಿ ಮುಂಗಡ ಇರುವಾಗ ಬಡ್ಡಿಗೆ ಯಾಕೆ ತರಬೇಕು?" ಎಂದು ಕೆಲವರು ಕೇಳಬಹುದು. ಮದುವೆ ನಿಂತುಹೋಗಿ ಗಿರಾಕಿ ಹಣ ವಾಪಸು ಕೇಳಿದರೆ ಏನು ಉತ್ತರ? 2020ರ ಲಾಕ್‌ಡೌನ್ ಸಮಯದಲ್ಲಿ ಮದುವೆಗಳು ಸಾಲುಸಾಲಾಗಿ ನಿಂತದ್ದನ್ನು ನಮ್ಮ ಉದ್ಯಮ ಮರೆಯುವಂತಿಲ್ಲ.

ಸಂಘದ ಸಭೆಗಳಲ್ಲಿ ಗ್ಯಾಸ್ ದರ, ಕೆಲಸಗಾರರ ಕೊರತೆಯ ಚರ್ಚೆಯಾಗುತ್ತದೆ. ಸದಸ್ಯರ ಮನೆಯ ಸಾಲದ ವಿಷಯಕ್ಕೂ ಒಂದು ಸಂಜೆ ಮೀಸಲಾಗಲಿ. ಮುಂದಿನ ಆಷಾಢದ ಬಿಡುವಿನಲ್ಲಿ, ಲೆಕ್ಕ ಬಲ್ಲವರೊಬ್ಬರನ್ನು ಕರೆಸಿ, ಮನೆಯವರನ್ನೂ ಜೊತೆಗೆ ಕೂರಿಸಿಕೊಂಡು ಈ ಕೆಲಸ ಆರಂಭಿಸಬೇಕೆಂದು ಪದಾಧಿಕಾರಿಗಳಲ್ಲಿ ನಮ್ಮ ವಿನಂತಿ.