ಮತಪೆಟ್ಟಿಗೆ ಹೇಳಿದ್ದನ್ನು ಓದದವರಿಗೆ

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಸಿಡಿಯಿತು. ಆರೋಪಿ ತೀರ್ಥಹಳ್ಳಿಯವನೆಂದು ಗೊತ್ತಾದ ಮೇಲೆ ಸಾಗರ, ಹೊಸನಗರದ ಹೋಟೆಲುಗಳಲ್ಲಿ ಕಾಫಿಯ ಜೊತೆ ಒಂದು ವಾದವೂ ಸಿಗುತ್ತಿದೆ: ಮುಸ್ಲಿಮರು ಬಹುಸಂಖ್ಯಾತರಾದ ಕಡೆ ಸೌಮ್ಯವಾದಿಗೆ ಉಳಿಗಾಲವಿಲ್ಲ, ಪಾಕಿಸ್ತಾನ ನೋಡಿ, ಇಲ್ಲಿರುವುದೂ ಅದೇ ಬೀಜ. ಸರಿ, ಪಾಕಿಸ್ತಾನವನ್ನೇ ನೋಡೋಣ.

ಅಲ್ಲಿನ ಜನರೇ ಮತಾಂಧರ ಬೆನ್ನಿಗಿದ್ದಾರಂತೆ. ಬೆನ್ನಿಗಿದ್ದವರು ವೋಟನ್ನೂ ಹಾಕಬೇಕಲ್ಲ? ಧಾರ್ಮಿಕ ಪಕ್ಷಗಳು ಒಕ್ಕೂಟ ಕಟ್ಟಿಕೊಂಡು ನಿಂತ 2002ರಲ್ಲಿ ಅವಕ್ಕೆ ಬಿದ್ದದ್ದು ನೂರಕ್ಕೆ ಹನ್ನೊಂದರ ಆಸುಪಾಸು. ಅದೂ ಜನರಲ್ ಮುಷರಫ್ ಆಳುತ್ತಿದ್ದಾಗ, ಬೆನಜೀರ್ ಮತ್ತು ನವಾಜ್ ಷರೀಫ್ ಇಬ್ಬರೂ ದೇಶದ ಹೊರಗಿದ್ದಾಗ. ಮುಸ್ಲಿಮರೇ ಬಹುಸಂಖ್ಯಾತರಾದ ಇಂಡೋನೇಷ್ಯಾದ ಮೊದಲ ಸಂಸತ್ ಚುನಾವಣೆಯಲ್ಲೂ, 1955ರಲ್ಲಿ, ಮೊದಲ ಸ್ಥಾನ ಸಿಕ್ಕಿದ್ದು ರಾಷ್ಟ್ರೀಯವಾದಿಗಳಿಗೆ. ಇದನ್ನು ಹೇಳಿದರೆ ನಮ್ಮ ವಾದಿಗಳು ಮಾತು ಬದಲಿಸಿ ಅಫ್ಘಾನಿಸ್ತಾನಕ್ಕೆ ಹಾರುತ್ತಾರೆ. ತಾಲಿಬಾನ್ ಯಾವ ಚುನಾವಣೆ ಗೆದ್ದು ಬಂತು ಎಂದು ಕೇಳಿದರೆ ಬಿಲ್ ಕೊಟ್ಟು ಏಳುತ್ತಾರೆ.

ಹಾಗಾದರೆ ಪಾಕಿಸ್ತಾನದಲ್ಲಿ ಧರ್ಮನಿಂದನೆಗೆ ಮರಣದಂಡನೆ ಎಲ್ಲಿಂದ ಬಂತು? ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಮಾತ್ರ ಕೇಳಿದವರಿಗೆ ರುಚಿಸದು. ಆ ಕಲಂ ಸೇರಿದ್ದು 1986ರಲ್ಲಿ, ಸೇನಾ ಬಲದಿಂದ ಗದ್ದುಗೆ ಹಿಡಿದ ಜಿಯಾ ಉಲ್ ಹಕ್ ಕಾಲದಲ್ಲಿ. ಅದಕ್ಕೂ ಮೊದಲು, 1974ರಲ್ಲಿ, ಅಹ್ಮದೀಯರು ಮುಸ್ಲಿಮರಲ್ಲ ಎಂದು ಸಂವಿಧಾನದಲ್ಲೇ ಬರೆಸಿದ್ದು ಉದಾರವಾದಿ ಎನಿಸಿಕೊಂಡಿದ್ದ ಭುಟ್ಟೋ ಸರ್ಕಾರ. ಅಂದರೆ ಅಲ್ಲಿ ಸೌಮ್ಯವಾದಿ ವೋಟಿನಲ್ಲಿ ಸೋಲಲಿಲ್ಲ. ಗೆದ್ದು ಕುರ್ಚಿಯಲ್ಲಿ ಕೂತ ಮೇಲೆ ತಾನಾಗಿ ಬಾಗಿದ.

ಇನ್ನು ನಮ್ಮ ಪ್ರಗತಿಪರ ಮಿತ್ರರು. ಮತಾಂಧತೆಗೂ ಧರ್ಮಕ್ಕೂ ಸಂಬಂಧವಿಲ್ಲ, ಎಲ್ಲ ಬಡತನದ ಮಹಿಮೆ ಎನ್ನುತ್ತಾರೆ. ಧರ್ಮನಿಂದನೆ ಕಾನೂನನ್ನು ಟೀಕಿಸಿದ ಪಾಕಿಸ್ತಾನದ ಪಂಜಾಬ್ ಗವರ್ನರ್ ಸಲ್ಮಾನ್ ತಾಸೀರ್ ಅವರನ್ನು 2011ರಲ್ಲಿ ಅಂಗರಕ್ಷಕನೇ ಕೊಂದ. ಕೋರ್ಟಿಗೆ ಬಂದ ಹಂತಕನ ಮೇಲೆ ಗುಲಾಬಿ ಎಸಳು ಸುರಿದವರು ವಕೀಲರು. ಅವರಿಗೆ ಯಾವ ಪಡಿತರ ಚೀಟಿ ಕೊಡೋಣ?

ಕೊನೆಯದು ಬೀಜದ ಮಾತು. ಒಬ್ಬ ಆರೋಪಿಯನ್ನು ಹಿಡಿದು ಒಂದಿಡೀ ತಾಲ್ಲೂಕಿನ ಮುಸ್ಲಿಮರನ್ನು ಅಳೆಯುವವರು ಗಾಂಧಿಯನ್ನು ಕೊಂದವನನ್ನು ಹಿಡಿದು ಯಾರನ್ನೂ ಅಳೆಯುವುದಿಲ್ಲ. ಅಳೆಯಲೂ ಬಾರದು, ಆದರೆ ಕೊಳಗ ಎರಡೂ ಕಡೆಗೆ ಒಂದೇ ಇರಲಿ. ಬಹುಸಂಖ್ಯಾತರ ವೋಟು ಧರ್ಮಕ್ಕೇ ಬೀಳುತ್ತದೆ ಎಂಬ ನಿಯಮ ನಿಜವಾಗಿದ್ದರೆ ಅದು ಮೊದಲು ನಮ್ಮೂರಲ್ಲೇ ಕಾಣಬೇಕಿತ್ತು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಮರುವರ್ಷ ಸಾಗರ–ಹೊಸನಗರದ ಮತದಾರರು ವಿಧಾನಸಭೆಗೆ ಕಳಿಸಿದ್ದು ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು. ತೀರ್ಥಹಳ್ಳಿಯೂ ಅವರನ್ನು 1962 ಮತ್ತು 1967ರಲ್ಲಿ ಗೆಲ್ಲಿಸಿತು.